ಗೋದಾಮಿನಲ್ಲಿ ಸ್ಕೂಟರ್ ಬ್ಯಾಟರಿ

ಪ್ರಶ್ನೆ: ಪೀಣ್ಯದ ನಮ್ಮ ಗೋದಾಮಿನಲ್ಲಿ ಎಲೆಕ್ಟ್ರಿಕ್ ಸ್ಕೂಟರ್‌ಗಳ ಲಿಥಿಯಂ ಬ್ಯಾಟರಿ ಇಡುತ್ತೇವೆ. ಬೆಂಕಿ ಆರಿಸಲು ಪೌಡರ್ ಸಿಲಿಂಡರ್ ಇದ್ದರೆ ಸಾಕಾ ಸಾರ್?

ಉತ್ತರ: ಸಾಲದು. ಪೌಡರ್ ಮೇಲಿನ ಜ್ವಾಲೆ ಆರಿಸಬಹುದು, ಒಳಗಿನ ಸೆಲ್ ತಣ್ಣಗಾಗುವುದಿಲ್ಲ. ಕಾದ ಸೆಲ್ ಪಕ್ಕದ್ದನ್ನೂ ಕಾಯಿಸುತ್ತದೆ. ಆರಿತು ಅಂದುಕೊಂಡದ್ದು ಎಷ್ಟೋ ಗಂಟೆಗಳ ಮೇಲೆ ಮತ್ತೆ ಹೊತ್ತಿಕೊಳ್ಳಬಹುದು. ತಣಿಸಲು ನೀರೇ ಬೇಕು, ಅದೂ ಜಾಸ್ತಿ. ಸ್ಪ್ರಿಂಕ್ಲರ್ ಹಾಕಿಸಿ. ಅಗ್ನಿಶಾಮಕ ದಳದಲ್ಲಿ ದುಡಿದ ನನಗೆ ಹೊಸ ಸರಕಿಗಿಂತ ಹೆಚ್ಚು ಭಯ, ಗಿರಾಕಿಗಳು ವಾಪಸ್ ತಂದ ಉಬ್ಬಿದ, ಏಟು ಬಿದ್ದ ಬ್ಯಾಟರಿಗಳದ್ದು. ಅವನ್ನು ಇವತ್ತೇ ಹೊರಗೆ, ಕಟ್ಟಡದಿಂದ ದೂರ, ನೆರಳಲ್ಲಿ ಇಡಿ. ಉಳಿದವನ್ನು ಪೂರ್ತಿ ಚಾರ್ಜ್ ಮಾಡಿ ಇಡಬೇಡಿ. ವಿಮಾನದಲ್ಲಿ ಬಿಡಿ ಬ್ಯಾಟರಿ ಸಾಗಿಸಲು ಚಾರ್ಜ್‌ನ ಮಿತಿಯೇ ಶೇ. 30 ಇದೆ, ಅಲ್ವಾ? ಹೊಗೆ ವಿಷ, ಕಂಡ ತಕ್ಷಣ ಹುಡುಗರನ್ನು ಹೊರಗೆ ಕಳಿಸಿ, 112ಕ್ಕೆ ಕರೆ ಮಾಡಿ.