ಸಂಸ್ಥೆಯ ಸಂಪಾದಕರು ನನ್ನ ವರದಿಯ ಅರ್ಥವನ್ನೇ ಬದಲಿಸಿದ್ದಾರೆ, ನಿರ್ದೇಶಕರಿಗೆ ದೂರು ಕೊಡಲೇ?

ನಿಮ್ಮ ಸಂಶೋಧನಾ ಸಂಸ್ಥೆಯ ಪ್ರಕಟಣಾ ವಿಭಾಗದ ಸಂಪಾದಕರು ನಿಮ್ಮ ತಾಂತ್ರಿಕ ವರದಿಯನ್ನು ಪುಟಪುಟವೂ ತಿದ್ದಿದ್ದಾರೆ, ಸಾರಾಂಶದಲ್ಲಿದ್ದ ಅಧ್ಯಯನದ ಮಿತಿಗಳನ್ನೇ ತೆಗೆದುಹಾಕಿದ್ದಾರೆ, ನೀವು ಒಪ್ಪದ್ದರಿಂದ ವರದಿ ಅಲ್ಲೇ ಕೂತಿದೆ ಎಂದು ಬರೆದಿದ್ದೀರಿ. ನಿರ್ದೇಶಕರ ಬಳಿ ಹೋಗಲೇ ಎಂಬುದು ನಿಮ್ಮ ಪ್ರಶ್ನೆ.

ಈಗಲೇ ಬೇಡ. ಮೊದಲು ಸಂಶೋಧಕನಾಗಿದ್ದು, ಆಮೇಲೆ ಹಲವು ವರ್ಷ ಇಂಥದೇ ವಿಭಾಗದಲ್ಲಿ ಸಂಪಾದಕನಾಗಿದ್ದವನು ನಾನು. ಎರಡೂ ಕಡೆಯ ಸಂಕಟ ಗೊತ್ತು. ಮೇಲಿನವರ ತನಕ ಹೋದ ಜಗಳದಲ್ಲಿ ಹುದ್ದೆಯಲ್ಲಿ ದೊಡ್ಡವರ ಮಾತೇ ನಡೆಯುವುದು ಹೆಚ್ಚು. ಅಲ್ಲಿ ಸೋತ ಸಂಪಾದಕರು ಮುಂದೆ ಯಾರ ಬರಹವನ್ನೂ ಗಟ್ಟಿಯಾಗಿ ಮುಟ್ಟಲು ಅಂಜುತ್ತಾರೆ. ಲೇಖಕರು ಸೋತರೆ ಮುಂದಿನ ವರದಿಯನ್ನು ಆ ವಿಭಾಗಕ್ಕೆ ಕೊಡುವುದನ್ನೇ ಮುಂದೂಡುತ್ತಾರೆ.

ಯಾವ ತಿದ್ದುಪಡಿಯಲ್ಲಿ ಯಾರ ಮಾತು ಕೊನೆಯದು ಎಂದು ಮೊದಲು ಬೇರ್ಪಡಿಸಿಕೊಳ್ಳಿ. ಭಾಷೆ, ಏಕಮಾನಗಳನ್ನು ಬರೆಯುವ ಕ್ರಮ, ಕೋಷ್ಟಕಗಳ ರೂಪ, ಉಲ್ಲೇಖಗಳ ಶೈಲಿ ಸಂಪಾದಕರಿಗೆ ಸೇರಿದ್ದು, ಹಿಡಿಸದಿದ್ದರೂ ಬಿಟ್ಟುಕೊಡಿ. ಫಲಿತಾಂಶ ಏನನ್ನು ಹೇಳುತ್ತದೆ, ಎಷ್ಟು ಖಚಿತವಾಗಿ ಹೇಳುತ್ತದೆ, ಎಲ್ಲಿಗೆ ಅನ್ವಯಿಸುವುದಿಲ್ಲ ಎಂಬುದು ನಿಮ್ಮದು. ಯಾವುದನ್ನು ಯಾವಾಗ ಹೊರಗೆ ಬಿಡಬೇಕೆಂಬುದು ಮಾತ್ರ ಇಬ್ಬರದೂ ಅಲ್ಲ, ಸಂಸ್ಥೆಯದು. ಪೇಟೆಂಟ್ ಅರ್ಜಿ ಸಲ್ಲಿಸುವ ಮೊದಲೇ ವಿವರ ಅಚ್ಚಾದರೆ ಹಲವು ದೇಶಗಳಲ್ಲಿ ಆ ಆವಿಷ್ಕಾರಕ್ಕೆ ಪೇಟೆಂಟ್ ಸಿಗುವುದೇ ಕಷ್ಟವಾಗುತ್ತದೆ. ವರದಿ ನಿಂತಿರುವುದಕ್ಕೆ ಇಂಥ ಕಾರಣವೇನಾದರೂ ಇದೆಯೇ ಎಂದು ಒಮ್ಮೆ ಕೇಳಿ ನೋಡಿ.

ಇನ್ನು ಅರ್ಥ ಬದಲಾದ ವಾಕ್ಯಗಳು. ತಿದ್ದಿದ ಪ್ರತಿಯಿಂದ ಅವನ್ನಷ್ಟೇ ಆರಿಸಿ. ಪುಟ ತುಂಬ ಕೆಂಪು ಗುರುತು ಕಂಡರೂ ಇಂಥವು ಸಾಮಾನ್ಯವಾಗಿ ಬೆರಳೆಣಿಕೆಯಷ್ಟೇ. ಪ್ರತಿಯೊಂದಕ್ಕೂ ನಿಮ್ಮ ಮೂಲ, ಅವರ ತಿದ್ದುಪಡಿ, ಅದರಿಂದಾದ ತಪ್ಪು ಇಷ್ಟನ್ನು ಬರೆದುಕೊಂಡು ಎದುರಾಎದುರು ಕುಳಿತು ಮಾತಾಡಿ. ಇಮೇಲ್‌ನಲ್ಲಿ ಇದು ಬಗೆಹರಿಯುವುದಿಲ್ಲ. 'ಯಾಕೆ ಬದಲಿಸಿದಿರಿ' ಎಂದರೆ ಅವರು ಸಮರ್ಥನೆಗೆ ಇಳಿಯುತ್ತಾರೆ. 'ನನ್ನ ವಾಕ್ಯ ಓದಿದಾಗ ನಿಮಗೆ ಏನು ಅರ್ಥವಾಯಿತು' ಎಂದು ಕೇಳಿ. ಗಮನವಿಟ್ಟು ಓದುವ ಸಂಪಾದಕರೇ ತಪ್ಪು ತಿಳಿದಿದ್ದರೆ ಅವಸರದಲ್ಲಿ ಓದುವವರೂ ಹಾಗೆಯೇ ತಿಳಿಯುವ ಸಾಧ್ಯತೆ ದೊಡ್ಡದು. ಹಾಗಾಗಿ ಮೂಲವನ್ನೇ ಮರಳಿ ಹಾಕಿ ಎಂದು ಹಟ ಹಿಡಿಯದೆ, ಇಬ್ಬರಿಗೂ ಒಂದೇ ಅರ್ಥ ಕೊಡುವ ಹೊಸ ವಾಕ್ಯವನ್ನು ಅಲ್ಲೇ ಬರೆಯಿರಿ. ನಾನು ಕಂಡ ಜಗಳಗಳಲ್ಲಿ ಹೆಚ್ಚಿನವು ಈ ಹಂತದಲ್ಲೇ ಮುಗಿದಿವೆ.

ಮಿತಿಗಳ ವಿಷಯದಲ್ಲಿ ನಾನು ಪೂರ್ತಿ ನಿಮ್ಮ ಪರ. ಸಾರಾಂಶವನ್ನಷ್ಟೇ ಓದಿ ನಿರ್ಧಾರ ಕೈಗೊಳ್ಳುವವರು ಬಹಳ ಮಂದಿ. ಪ್ರಯೋಗಾಲಯದ ಸ್ಥಿತಿಯಲ್ಲಿ ಮಾತ್ರ ಕಂಡ ಫಲಿತಾಂಶವನ್ನು ಆ ಷರತ್ತು ಬಿಟ್ಟು ಅಚ್ಚು ಹಾಕಿದರೆ ವರದಿ ಸುಳ್ಳು ಹೇಳಿದಂತೆಯೇ. ಜಾಗ ಸಾಲದೆಂದು ತೆಗೆದಿದ್ದರೆ, ಅತಿ ಮುಖ್ಯವಾದ ಒಂದು ಮಿತಿಯನ್ನು ಫಲಿತಾಂಶದ ವಾಕ್ಯದೊಳಗೇ ಸೇರಿಸಿಬಿಡಿ. ಪ್ರತ್ಯೇಕ ಪ್ಯಾರಾ ಕತ್ತರಿಸುವಷ್ಟು ಸುಲಭವಾಗಿ ಅದನ್ನು ಕತ್ತರಿಸಲಾಗದು.

ಆಗಲೂ ಒಂದೆರಡು ವಾಕ್ಯ ಉಳಿದರೆ, ನಿಮ್ಮಿಬ್ಬರ ಕೈಕೆಳಗೂ ಇಲ್ಲದ, ಮೇಲಧಿಕಾರಿಯೂ ಅಲ್ಲದ ವಿಷಯತಜ್ಞರೊಬ್ಬರಿಗೆ ಅವನ್ನಷ್ಟೇ ತೋರಿಸಿ. ಅವರು ಹೇಳಿದ್ದಕ್ಕೆ ಬದ್ಧರೆಂದು ಇಬ್ಬರೂ ಮೊದಲೇ ಒಪ್ಪಿರಬೇಕು. ಸಂಪಾದಕರು ಇದಕ್ಕೂ ಒಪ್ಪದಿದ್ದರೆ ಆಗ ನಿರ್ದೇಶಕರ ಬಳಿ ಹೋಗಿ; ಸಂಪಾದಕರ ಮೇಲಿನ ದೂರಿನೊಂದಿಗಲ್ಲ, ಆ ವಾಕ್ಯಗಳ ಹಾಳೆಯೊಂದಿಗೆ. ನಿಮ್ಮ ಕೈಯಲ್ಲಿ ಗಟ್ಟಿ ಆಧಾರವೂ ಇದೆ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಶಿಫಾರಸುಗಳಲ್ಲಿ ಲೇಖಕರೆನಿಸಿಕೊಳ್ಳಲು 4 ಷರತ್ತುಗಳಿವೆ. ಪ್ರಕಟವಾಗುವ ಪ್ರತಿಗೆ ಅಂತಿಮ ಒಪ್ಪಿಗೆ ಕೊಟ್ಟಿರಬೇಕು ಎಂಬುದು ಅದರಲ್ಲೊಂದು, ಆ ಕೆಲಸಕ್ಕೆ ಹೊಣೆಯಾಗಿರಬೇಕು ಎಂಬುದು ಇನ್ನೊಂದು. ನೀವು ಒಪ್ಪದ ಪ್ರತಿಯ ಮೇಲೆ ನಿಮ್ಮ ಹೆಸರು ಹಾಕಬಾರದೆಂದು ಬರಹದಲ್ಲಿ ಕೇಳುವುದು ತೀರಾ ನ್ಯಾಯವಾದದ್ದು.

ವರದಿಯನ್ನು ಹೊರಗಿನ ಪತ್ರಿಕೆಗೆ ಕಳಿಸಿಬಿಡುತ್ತೇನೆ ಎಂದೂ ಬರೆದಿದ್ದೀರಿ. ಅಲ್ಲಿ ನಿಯಮ ಬೇರೆ. ಸ್ವೀಕರಿಸುವುದು, ತಿರಸ್ಕರಿಸುವುದು ಪತ್ರಿಕೆಯ ಸಂಪಾದಕರ ಹಕ್ಕು, ನಿಮಗಿರುವುದು ಮೇಲ್ಮನವಿ. 1997ರಲ್ಲಿ ಆರಂಭವಾದ, ಕೋಪ್ ಎಂದು ಕರೆಯುವ ಪ್ರಕಟಣಾ ನೈತಿಕತೆಯ ಸಮಿತಿಗೆ ದೂರು ಕೊಡಬಹುದಾದರೂ, ಅದು ಸದಸ್ಯ ಪತ್ರಿಕೆ ತನ್ನ ಕ್ರಮವನ್ನು ಸರಿಯಾಗಿ ಪಾಲಿಸಿತೇ ಎಂದಷ್ಟೇ ನೋಡುತ್ತದೆ, ನಿರ್ಧಾರವನ್ನು ಬದಲಿಸುವುದಿಲ್ಲ. ಅದಕ್ಕೂ ಮೊದಲು ಪತ್ರಿಕೆಗೆ, ಬಳಿಕ ಪ್ರಕಾಶಕರಿಗೆ ದೂರು ಕೊಟ್ಟು ನೋಡಿರಬೇಕು. ಸಂಸ್ಥೆಯ ಅನುಮತಿಯಿಲ್ಲದೆ ಕಳಿಸಲೇಬೇಡಿ. ಈಗಿನ ಜಗಳದ ಮೇಲೆ ಶಿಸ್ತಿನ ಪ್ರಕರಣವೂ ಸೇರಿಕೊಳ್ಳಬಹುದು.

ಗೋಪ್ಯವಲ್ಲದ ಒಂದೆರಡು ವಾಕ್ಯಗಳಿದ್ದರೆ ಮೂಲ ಮತ್ತು ತಿದ್ದಿದ ರೂಪ ಎರಡನ್ನೂ ಪ್ರಶ್ನೆಗೆ ಸೇರಿಸಿ. ಅವು ಯಾರ ಪಾಲಿನವೆಂದು ನನಗೆ ತೋಚಿದ್ದನ್ನು ಬರೆಯುತ್ತೇನೆ.