ಬೋರ್ ನೀರಿನ ಬಿಳಿ ಕಲೆಗೆ

ವಿಜಯಪುರದಲ್ಲಿ ಭಾನುವಾರ ಮಾತ್ರ ಕಾರ್ ಡಿಟೇಲಿಂಗ್ (ಕಾರನ್ನು ಪೂರ್ತಿ ತೊಳೆದು ಹೊಳಪು ಕೊಡುವ ಕೆಲಸ) ಮಾಡುತ್ತೀರಿ, ಗಿರಾಕಿ ಮನೆಯ ಬೋರ್ ನೀರಲ್ಲಿ ತೊಳೆದರೆ ಕಪ್ಪು ಕಾರಿನ ಮೇಲೆ ಬಿಳಿ ಕಲೆ ಉಳಿಯುತ್ತದೆ ಅಂತ ಕೇಳಿದ್ದೀರಿ ಅಲ್ವಾ? ಸುಮ್ನೆ ಶಾಂಪೂ ಬದಲಿಸಬೇಡಿ ಸರ್, ತಪ್ಪು ಅದರದ್ದಲ್ಲ. ಬೋರಿನ ಗಡಸು ನೀರು ಆರಿದಾಗ ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಪೇಂಟ್ ಮೇಲೆ ಕೂರುತ್ತವೆ. ನಮ್ಮ ಏಪ್ರಿಲ್ ಬಿಸಿಲಲ್ಲಂತೂ ಬಾನೆಟ್ ತೊಳೆದು ಬಾಗಿಲಿಗೆ ಬರುವಷ್ಟರಲ್ಲಿ ಆರಿರುತ್ತದೆ.

ಬೆಳಿಗ್ಗೆ ಬೇಗ, ನೆರಳಲ್ಲಿ ಶುರು ಮಾಡಿ. ಒಂದೊಂದೇ ಭಾಗ ತೊಳೆದು ತಕ್ಷಣ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಕೊನೆಗೆ ಹಾಕುವ ನೀರು ಮಾತ್ರ ಆರ್‌ಒ ಫಿಲ್ಟರ್‌ನದ್ದು ಇರಲಿ. ಒಂದು ಕ್ಯಾನ್, ಒಂದು ಪಂಪ್ ಸ್ಪ್ರೇಯರ್ ಸಾಕು. ಹಳೆ ಕಲೆಗೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಹಚ್ಚಿ, ಆರುವ ಮೊದಲೇ ತೊಳೆಯಿರಿ. ಅದಕ್ಕೂ ಹೋಗದಿದ್ದರೆ ಪಾಲಿಶ್ ಬೇಕು. ಅದರ ದುಡ್ಡು ಬೇರೆ ಅಂತ ಗಿರಾಕಿಗೆ ಮೊದಲೇ ಹೇಳಿ, ಫೋಟೋನೂ ತೆಗೆದಿಡಿ.