ಓದುಗರ ಪ್ರಶ್ನೆ, ನಮ್ಮ ಉತ್ತರ: ಕ್ವಾರ್ಟರ್ಸಿನ ಮಕ್ಕಳಿಗಾಗಿ ಗ್ರಾಮಸಭೆಯಲ್ಲಿ ಏನು ಕೇಳಬೇಕು?

ಪ್ರಶ್ನೆ: ನಮ್ಮ ವಾರ್ಡಿನ ಬಾಡಿಗೆ ಕ್ವಾರ್ಟರ್ಸಿನಲ್ಲಿ ಗಂಡ ತೀರಿಕೊಂಡ ತಾಯಿಯೊಬ್ಬರು ಬೀಡಿ ಕಟ್ಟಿ ಇಬ್ಬರು ಮಕ್ಕಳನ್ನು ಸಾಕುತ್ತಿದ್ದಾರೆ. ಬಾಡಿಗೆ ಬಾಕಿಯಿದೆ, ಹನ್ನೆರಡು ವರ್ಷದ ಮಗ ಶಾಲೆ ಬಿಟ್ಟಿದ್ದಾನೆ. ಇಂಥ ಮನೆಗಳು ಇನ್ನೂ ಇವೆ. ಗ್ರಾಮಸಭೆಯಲ್ಲಿ ಹೇಳಿದರೆ ‘ನೋಡುವ’ ಅನ್ನುತ್ತಾರೆ. ಮಕ್ಕಳನ್ನು ಅನಾಥಾಲಯಕ್ಕೆ ಸೇರಿಸುವುದು ಒಳ್ಳೆಯದೇ?
– ಓದುಗರು, ಪೈವಳಿಕೆ (ಕೇರಳದ ಕಾಸರಗೋಡು ಜಿಲ್ಲೆ)

ಉತ್ತರ: ಬೇಡ. ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಎಂದು 2015ರ ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. ಸಾಕಲು ಮನಸ್ಸಿರುವ ಅಮ್ಮನಿಂದ ಬಾಡಿಗೆ ಬಾಕಿಯ ಕಾರಣಕ್ಕೆ ಮಕ್ಕಳನ್ನು ಅಗಲಿಸುವುದು ಅನ್ಯಾಯ.

ಈ ಮನೆಗೆ ಹೊಂದುವುದು ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಸ್ಪಾನ್ಸರ್‌ಶಿಪ್, ಅಂದರೆ ಮಗುವನ್ನು ಮನೆಯಲ್ಲೇ ಸಾಕಲು ಕೊಡುವ ಹಣಸಹಾಯ: ಮಗುವೊಂದಕ್ಕೆ ತಿಂಗಳಿಗೆ 4,000 ರೂ. ವಿಧವೆ ತಾಯಿಯ ಮಕ್ಕಳು ಇದಕ್ಕೆ ಅರ್ಹರು. ಗ್ರಾಮೀಣ ಪ್ರದೇಶದಲ್ಲಿ ಕುಟುಂಬದ ವಾರ್ಷಿಕ ಆದಾಯ 72,000 ರೂ. ಮೀರಬಾರದು. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ತಂದೆಯ ಮರಣ ಪತ್ರ, ಮಕ್ಕಳ ಆಧಾರ್, ಬ್ಯಾಂಕ್ ಪಾಸ್‌ಬುಕ್, ಶಾಲೆಯ ಪತ್ರ, ರೇಷನ್ ಕಾರ್ಡ್, ವಿಲೇಜ್ ಆಫೀಸಿನ ಆದಾಯ ಪತ್ರ ಜೋಡಿಸಿಡಿ. ಹೆಚ್ಚಿನ ಅರ್ಜಿಗಳು ಎಡವುವುದು ಆದಾಯ ಪತ್ರದಲ್ಲಿ. ಬೀಡಿ ಕೆಲಸ ವರ್ಷವಿಡೀ ಒಂದೇ ಸಮ ಇರುವುದಿಲ್ಲ; ಒಳ್ಳೆಯ ತಿಂಗಳ ಕೂಲಿಯನ್ನು ಹನ್ನೆರಡರಿಂದ ಗುಣಿಸಿಬಿಟ್ಟರೆ ಮಿತಿ ದಾಟುತ್ತದೆ. ಆದಾಯ ಪತ್ರದ ಅರ್ಜಿ ಹಾಕಲು ಅಕ್ಷಯ ಕೇಂದ್ರಕ್ಕೆ (ಸರಕಾರಿ ಆನ್‌ಲೈನ್ ಸೇವಾ ಕೇಂದ್ರ) ಹೋಗುವಾಗ ಬೀಡಿ ಲೆಕ್ಕದ ಪುಸ್ತಕವೂ ಕೈಯಲ್ಲಿರಲಿ.

ಮಗನನ್ನು ಮೊದಲು ಶಾಲೆಗೆ ಸೇರಿಸಿ. 30 ದಿನಕ್ಕಿಂತ ಹೆಚ್ಚು ಗೈರಾದರೆ ಸಹಾಯ ತಡೆಹಿಡಿಯಬಹುದು. ಟಿ.ಸಿ. ತಡವಾಯಿತೆಂದೋ ವಯಸ್ಸಿನ ದಾಖಲೆ ಇಲ್ಲವೆಂದೋ 14ರವರೆಗಿನ ಮಗುವಿಗೆ ಪ್ರವೇಶ ನಿರಾಕರಿಸಲು 2009ರ ಶಿಕ್ಷಣ ಹಕ್ಕು ಕಾಯ್ದೆ ಬಿಡುವುದಿಲ್ಲ. ಗಡಿಯಾಚೆಯಿಂದ ಕೆಲಸಕ್ಕೆ ಬಂದವರ ಮಕ್ಕಳಿಗೂ ಇದೇ ನಿಯಮ.

ಇನ್ನು ಗ್ರಾಮಸಭೆ. ‘ಬಡ ಮಕ್ಕಳಿಗೆ ಸಹಾಯ ಮಾಡಬೇಕು’ ಎಂಬ ಮಾತು ಪುಸ್ತಕದಲ್ಲಿ ಬರೆದರೂ ಯಾರಿಗೂ ಕೆಲಸ ಹಚ್ಚುವುದಿಲ್ಲ. ಯಾರು, ಏನು, ಯಾವಾಗ ಎಂಬ ಮೂರೂ ಇರುವ ಠರಾವು ಬರೆದೇ ಒಯ್ಯಿರಿ. ಉದಾಹರಣೆಗೆ: ‘ವಾರ್ಡಿನ ಬಾಡಿಗೆ ಕ್ವಾರ್ಟರ್ಸುಗಳಲ್ಲಿ ಶಾಲೆ ಬಿಟ್ಟಿರುವ, ಬಾಡಿಗೆ ಬಾಕಿಯಿಂದ ಮನೆ ಕಳೆದುಕೊಳ್ಳುವ ಸ್ಥಿತಿಯಲ್ಲಿರುವ ಮಕ್ಕಳ ಪಟ್ಟಿಯನ್ನು ಪಂಚಾಯತು ಕಾರ್ಯದರ್ಶಿಯವರು ಅಂಗನವಾಡಿ ಹಾಗೂ ಕುಟುಂಬಶ್ರೀ ಮಹಿಳಾ ಸಂಘಗಳ ಸಹಾಯದಿಂದ 30 ದಿನದೊಳಗೆ ಮಾಡಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕಳುಹಿಸಬೇಕು.’ ಸಭೆ ಮುಗಿಯುವ ಮುಂಚೆ ಮಿನಿಟ್ಸ್ ಪುಸ್ತಕದಲ್ಲಿ ಬರೆದದ್ದನ್ನು ಓದಿಸಿ ಕೇಳಿ. ವಾರ್ಡಿನ ಮತದಾರರಲ್ಲಿ ಶೇ. 10ರಷ್ಟು ಜನ ಸೇರದಿದ್ದರೆ ಕೋರಂ ಇಲ್ಲವೆಂದು ಸಭೆಯೇ ಮುಂದಕ್ಕೆ ಹೋಗುತ್ತದೆ; ಆದ್ದರಿಂದ ಕುಟುಂಬಶ್ರೀಯ ನೆರೆಕರೆ ಕೂಟಗಳ ಹೆಂಗಸರನ್ನು ಮೊದಲೇ ಒಟ್ಟುಗೂಡಿಸಿ. ಮುಂದಿನ ಸಭೆಯವರೆಗೆ ಕಾಯಲಾಗದಿದ್ದರೆ ಅಷ್ಟೇ ಜನ ಸಹಿ ಹಾಕಿ ಲಿಖಿತವಾಗಿ ಕೇಳಿದಾಗ 15 ದಿನದೊಳಗೆ ವಿಶೇಷ ಸಭೆ ಕರೆಯಬೇಕಾಗುತ್ತದೆ.

ಠರಾವಿನಲ್ಲಾಗಲಿ ವಾಟ್ಸಾಪಿನಲ್ಲಾಗಲಿ ಮಕ್ಕಳ ಹೆಸರು, ಫೋಟೊ ಬೇಡ. ರಕ್ಷಣೆ ಬೇಕಾದ ಮಗುವಿನ ಗುರುತು ಮಾಧ್ಯಮಗಳಲ್ಲಿ ಬಯಲಾದರೆ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್‌ನಡಿ ಶಿಕ್ಷೆಯಿದೆ. ಅದಕ್ಕಿಂತಲೂ, ಊರಿಡೀ ತನ್ನ ಬಡತನ ಓದಿದೆ ಎಂದು ಗೊತ್ತಾದ ಹುಡುಗ ಶಾಲೆಯ ಮೆಟ್ಟಿಲು ಮತ್ತೆ ಹತ್ತಲು ಹಿಂಜರಿಯುತ್ತಾನೆ.

ಪ್ರಶ್ನೆ: ಮಕ್ಕಳ ಸಂಸ್ಥೆಯಲ್ಲಿ ಬೆಳೆದ ಹುಡುಗನೊಬ್ಬ 18 ತುಂಬಿ ಹೊರಬಂದಿದ್ದಾನೆ, ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ಮಲಗುತ್ತಾನೆ. ಕಾನೂನು ಅವನ ಕೈಬಿಟ್ಟಿತೇ?
– ಓದುಗರು, ಕುಂಬಳೆ

ಉತ್ತರ: ಇಲ್ಲ. ಬಾಲನ್ಯಾಯ ಕಾಯ್ದೆಯ 46ನೇ ಸೆಕ್ಷನ್ ಇಂಥವರಿಗಾಗಿಯೇ ಇದೆ. ಮಿಷನ್ ವಾತ್ಸಲ್ಯದಡಿ 21ರವರೆಗೆ, ವಿಶೇಷ ಸಂದರ್ಭಗಳಲ್ಲಿ 23ರವರೆಗೆ ನಂತರದ ಆರೈಕೆ (ಸಂಸ್ಥೆ ಬಿಟ್ಟ ಬಳಿಕದ ನೆರವು) ಸಿಗುತ್ತದೆ. ಸಂಸ್ಥೆಯಿಂದ ಬಿಡುಗಡೆ ಪತ್ರ ಪಡೆದು ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಕೊಡಿಸಿ. ಒಬ್ಬನನ್ನೇ ಕಳುಹಿಸಬೇಡಿ, ಯಾರಾದರೂ ಜೊತೆಗೆ ಹೋಗಿ. ಬಸ್ ಸ್ಟ್ಯಾಂಡಿನಲ್ಲೋ ರೈಲ್ವೆ ಸ್ಟೇಷನ್ನಿನಲ್ಲೋ ಕಂಡವರು 18ರ ಕೆಳಗಿನವರಾದರೆ ಕೂಡಲೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. 24 ಗಂಟೆಯೊಳಗೆ ಆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು.

ಪ್ರಶ್ನೆ: ಕನ್ನಡದ ಅರ್ಜಿ ಹಿಂದೆ ಬಂತು.
– ಓದುಗರು, ಎಣ್ಮಕಜೆ

ಉತ್ತರ: 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಈ ಮಾತನ್ನು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಿರಿ, ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ತೆಗೆದುಕೊಳ್ಳದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ.